ಚೌಡಿ ಬನಕ್ಕೆ ಕಾಲಿಡಬೇಡಿ ಅಂತ ನೋಟಿಸ್ ಬಂದಿದೆ. ಕಾನೂನು ಮೀರಿ ಪೂಜೆ ಮಾಡಬಹುದಾ?

ಹಾಳೆಟೋಪಿ
ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಹೊಸನಗರ ತಾಲ್ಲೂಕು, ಶರಾವತಿ ಹಿನ್ನೀರಿನ ಅಂಚು. ತೋಟದ ಮೇಲ್ಗಡೆ ಕಾಡೊಳಗೆ ಚೌಡಿ ಬನ ಇದೆ, ಚೌಡಿ ಅಂದರೆ ನಮ್ಮ ಕಡೆಯ ಕಾಡಿನ ದೇವತೆ. ಗುಡಿ ಗಿಡಿ ಏನೂ ಇಲ್ಲ. ದೊಡ್ಡದೊಂದು ಧೂಪದ ಮರ, ಬುಡದಲ್ಲಿ ಮೂರು ಕಲ್ಲು, ಅಷ್ಟೇ. ವರ್ಷಕ್ಕೊಂದು ಸಲ ಊರಿನವರೆಲ್ಲ ಹೋಗಿ ಹಣ್ಣುಕಾಯಿ ಮಾಡಿಸಿ, ಅಲ್ಲೇ ಊಟ ಮಾಡಿ ಬರುತ್ತೇವೆ. ದನ ಕಳೆದುಹೋದರೂ, ಮಗುವಿಗೆ ಜ್ವರ ಬಿಡದಿದ್ದರೂ ಹರಕೆ ಅವಳಿಗೇ.

ಹೋದ ವರ್ಷ ದಾರಿಗೆ ಅಡ್ಡವಾಗಿ ಜೆಸಿಬಿಯಲ್ಲಿ ಅಗಳ ತೋಡಿದರು. ಅಡಿಕೆ ಮರ ಕಡಿದು ಸಂಕ ಹಾಕಿಕೊಂಡು ದಾಟಿದೆವು. ಈ ವರ್ಷ ನೋಟಿಸೇ ಬಂದಿದೆ. ಬನ ಅಭಯಾರಣ್ಯದ ಗಡಿಯೊಳಗೆ ಬರುತ್ತದೆ, ಅನುಮತಿ ಇಲ್ಲದೆ ಒಳಗೆ ಬಂದರೆ ಕೇಸು ಅಂತ.

ಊರಿನ ಸಭೆ ಆಯಿತು. ನಮ್ಮ ದೊಡ್ಡಪ್ಪ ಎದ್ದು ನಿಂತು, "ಚೌಡಿ ಇಲ್ಲಿ ಕೂತಿದ್ದು ಇವರ ಇಲಾಖೆ ಹುಟ್ಟೋಕೆ ಮುಂಚೆ. ಕೇಸು ಹಾಕಿದ್ರೆ ಹಾಕ್ಲಿ, ನಾವು ಹೋಗೋದೇ" ಅಂದರು. ಎಲ್ಲರೂ ಹೌದು ಹೌದು ಅಂದರು. ಆದರೆ ನನ್ನ ಚಿಕ್ಕಪ್ಪನ ಮಗ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಹೆಸರಿಗೆ ಒಂದು ಎಫ್‌ಐಆರ್ ಬಿದ್ದರೆ ಕತೆ ಮುಗಿಯಿತು. ಅವನು ಬರಲ್ಲ ಅಂದರೆ ಊರಲ್ಲಿ ದೈವದ್ರೋಹಿ ಅನ್ನುತ್ತಾರೆ.

ನನ್ನ ಪ್ರಶ್ನೆ: ದೇವರ ಕೆಲಸ ಅಂತ ಕಾನೂನು ಮುರಿಯಬಹುದಾ? ಈ ಕಾನೂನು ಅನ್ಯಾಯದ್ದು ಅಂತ ತೀರ್ಮಾನ ಮಾಡುವವರು ಯಾರು?

ತುಂಗೆಯ ನೀರು
ಚೌಡಿ ಹತ್ತಿರ ಆಟ ಆಡಬೇಡಿ. ಆಫೀಸರು ಟ್ರಾನ್ಸ್‌ಫರ್ ಆಗಿ ಹೋಗುತ್ತಾರೆ, ಅವಳು ಹೋಗಲ್ಲ.

ಬೆಂಗ್ಳೂರ್ ಮಲ್ನಾಡಿಗ
ಬೇಜಾರು ಮಾಡಿಕೊಳ್ಳಬೇಡಿ, ಕಾನೂನು ಅಂದರೆ ಎಲ್ಲರಿಗೂ ಒಂದೇ. ಇವತ್ತು ಚೌಡಿ ಅಂತ ನೀವು, ನಾಳೆ ಇನ್ನೊಂದು ದೇವರ ಹೆಸರು ಹೇಳಿಕೊಂಡು ಇನ್ನೊಬ್ಬರು. ಕಾಡೊಳಗೆ ಗುಡಿ ಎದ್ದು, ಗುಡಿಗೆ ರಸ್ತೆ ಬಂದು, ರಸ್ತೆ ಪಕ್ಕ ಹೋಟೆಲ್ ಆಗಿದ್ದನ್ನು ನಾವೇ ನೋಡಿಲ್ವಾ? ನಂಬಿಕೆ ಮನಸ್ಸಿನಲ್ಲಿರಲಿ. ಮನೆಯಲ್ಲೇ ಒಂದು ಕಲ್ಲಿಟ್ಟು ಪೂಜೆ ಮಾಡಿದರೆ ಚೌಡಿ ಬೇಡ ಅನ್ನುತ್ತಾಳಾ?

ಅಡಿಕೆಕೊನೆ
ಮನೆಯಲ್ಲಿ ಚೌಡಿ ಕಲ್ಲಿಡಿ ಅನ್ನುವವರಿಗೆ ಚೌಡಿ ಗೊತ್ತಿಲ್ಲ. ಅವಳು ಬನದವಳು ಸ್ವಾಮಿ. ಮನೆಯೊಳಗೆ ಇಡುವ ದೇವರಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ನಮ್ಮ ಗಡಿ ಗುರುತು ಮಾಡಬೇಡಿ.

ಬೆಂಗ್ಳೂರ್ ಮಲ್ನಾಡಿಗ
ನನ್ನ ಮನೆ ಕೋಣಂದೂರು ಹತ್ತಿರ. ತೋಟ ಈಗಲೂ ಇದೆ. ಬಾಲ್ಕನಿ ಮಾತು ಬೇಡ.

ನಿವೃತ್ತ ಮೇಷ್ಟ್ರು
ನಾನು ಶಿಕಾರಿಪುರದವನು. ಈ ಪ್ರಶ್ನೆ ಬಂದಾಗ ನನಗೆ ಮೊದಲು ನೆನಪಾಗುವುದು ಈಸೂರು. 1942. ಕ್ವಿಟ್ ಇಂಡಿಯಾ ಕರೆ ಬಂದಾಗ ಊರಿನವರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ಇದು ಸ್ವತಂತ್ರ ಊರು ಅಂತ ಸಾರಿದರು. ಕಂದಾಯ ಕೊಡಲ್ಲ ಅಂದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಆಗಿನದು. ಸೆಪ್ಟೆಂಬರ್ ಕೊನೆಗೆ ಅಮಲ್ದಾರರು ಪೊಲೀಸರನ್ನು ಕರೆದುಕೊಂಡು ಬಂದಾಗ ಗಲಾಟೆಯಾಗಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐದು ಜನರನ್ನು ಗಲ್ಲಿಗೆ ಹಾಕಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ.

ಬಾವುಟ ಕಟ್ಟಲು ದೇವಸ್ಥಾನವೇ ಯಾಕೆ ಬೇಕಾಯಿತು? ಚಾವಡಿ ಸರ್ಕಾರದ್ದು, ಮನೆ ಒಬ್ಬೊಬ್ಬರದ್ದು. ಎಲ್ಲರದ್ದೂ ಅಂತ ಊರಲ್ಲಿ ಇದ್ದ ಜಾಗ ಅದೊಂದೇ. ಅದೂ ಅಲ್ಲದೆ ವೀರಭದ್ರ ಯಾರು? ದಕ್ಷನ ಯಾಗಶಾಲೆಗೆ ನುಗ್ಗಿ ಯಾಗ ಕೆಡಿಸಿದವನು. ವಿಧಿ ನಿಯಮ ಎಲ್ಲ ಸರಿಯಾಗಿಯೇ ಇದ್ದ ಯಾಗ ಅದು. ನ್ಯಾಯ ಒಂದು ಇರಲಿಲ್ಲ.

ಉಕ್ಕಿನ ಊರು
ಮೇಷ್ಟ್ರೇ, "ಎಲ್ಲರದ್ದೂ" ಅನ್ನುವ ಮಾತಿಗೆ ಸ್ವಲ್ಪ ನಿಲ್ಲಿ. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾಯ್ದೆ ಬಂದಿದ್ದೇ 1948ರಲ್ಲಿ. 1942ರಲ್ಲಿ ಊರ ದೇವಸ್ಥಾನಗಳ ಒಳಗೆ ಯಾರ್ಯಾರು ಹೋಗುತ್ತಿದ್ದರು, ಯಾರು ಹೊರಗೆ ನಿಲ್ಲುತ್ತಿದ್ದರು ಅಂತ ನಿಮಗೂ ಗೊತ್ತು.

ನಿವೃತ್ತ ಮೇಷ್ಟ್ರು
ಗೊತ್ತು. ಅದಕ್ಕೇ ನೋಡಿ, ಆ ಬಾಗಿಲು ತೆರೆಸಲು ಕಾನೂನೇ ಬೇಕಾಯಿತು. ಒಂದು ಕಡೆ ಕಾನೂನು ಮುರಿದವರು ದೊಡ್ಡವರು, ಇನ್ನೊಂದು ಕಡೆ ಕಾನೂನು ಮಾಡಿದವರು ದೊಡ್ಡವರು. ಒಂದೇ ಲೆಕ್ಕದಲ್ಲಿ ತೂಗಲು ಆಗಲ್ಲ.

ಕೊಪ್ಪೆ
ಈಸೂರಿನಲ್ಲಿ ಇಬ್ಬರು ಸತ್ತರಲ್ಲ, ಅದನ್ನು ಗಾಂಧೀಜಿ ಒಪ್ಪುತ್ತಿದ್ದರಾ? 1922ರಲ್ಲಿ ಚೌರಿಚೌರಾದಲ್ಲಿ ಪೊಲೀಸರನ್ನು ಸುಟ್ಟಿದ್ದಕ್ಕೆ ಇಡೀ ದೇಶದ ಚಳವಳಿಯನ್ನೇ ನಿಲ್ಲಿಸಿದವರು ಅವರು. ಅದೇ ವರ್ಷ ಅಹಮದಾಬಾದಿನ ಕೋರ್ಟಿನಲ್ಲಿ ನಿಂತು, ನಾನು ತಪ್ಪಿತಸ್ಥ, ಇರುವುದರಲ್ಲಿ ದೊಡ್ಡ ಶಿಕ್ಷೆ ಕೊಡಿ ಅಂತ ಕೇಳಿದರು. ಆರು ವರ್ಷ ಕೊಟ್ಟರು. ಕಾನೂನು ಮುರಿಯುವುದು ಅಂದರೆ ಅದು. ಬಹಿರಂಗವಾಗಿ ಮುರಿ, ಶಿಕ್ಷೆ ತೆಗೆದುಕೋ. ರಾತ್ರಿ ಕದ್ದು ಹೋಗಿ ಬೆಳಗ್ಗೆ "ನಾವಲ್ಲ" ಅನ್ನುವುದಕ್ಕೆ ಸತ್ಯಾಗ್ರಹ ಅನ್ನಲ್ಲ.

ಅಡಿಕೆಕೊನೆ
ನಮ್ಮೂರಲ್ಲಿ ರಾತ್ರಿ ಹೋಗುವವರು ಪೂಜೆಗೆ ಹೋಗಲ್ಲ ಬಿಡಿ, ಬೇರೆ ಕೆಲಸಕ್ಕೆ ಹೋಗುತ್ತಾರೆ 😄

ಸೊರಬದ ಹುಡುಗಿ
ಎಲ್ಲರೂ ಹೆಮ್ಮೆಯ ಕತೆಗಳನ್ನೇ ಹೇಳುತ್ತಿದ್ದೀರಿ. ನಮ್ಮ ತಾಲ್ಲೂಕಿನ ಚಂದ್ರಗುತ್ತಿಯನ್ನು ಯಾರೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ.

1986ರ ಮಾರ್ಚ್, ರೇಣುಕಾಂಬೆ ಜಾತ್ರೆ. ಬೆತ್ತಲೆ ಸೇವೆ ಅಂತ ಇತ್ತು. ವರದಾ ನದಿಯಲ್ಲಿ ಮುಳುಗೆದ್ದು, ಮೈಮೇಲೆ ಬಟ್ಟೆ ಇಲ್ಲದೆ ಗುಡ್ಡದ ದೇವಸ್ಥಾನದವರೆಗೆ ಹೋಗುವುದು. ಹೋಗುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು, ಬಡವರು. ನೋಡಲು ನಿಲ್ಲುತ್ತಿದ್ದವರು ಬೇರೆ. ಭದ್ರಾವತಿಯಲ್ಲಿ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ಕಟ್ಟಿ ಬೆಳೆಸಿದ ದಲಿತ ಸಂಘರ್ಷ ಸಮಿತಿಯವರೂ ಇನ್ನಿತರರೂ ಬೇಡಿ ಅಂತ ತಿಳಿಹೇಳಲು ಹೋದರು. ಜೊತೆಗೆ ಪೊಲೀಸರಿದ್ದರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನು, ಪೊಲೀಸರನ್ನು ಹೊಡೆದು, ಬಟ್ಟೆ ಬಿಚ್ಚಿಸಿ ನಡೆಸಿದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಅದಾದ ಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಅವತ್ತಿನ ಗುಂಪಿನ ವಾದವೂ ನಂಬಿಕೆಯೇ ಅಲ್ವಾ? ದೊಡ್ಡಪ್ಪನವರ ಮಾತನ್ನು ಅಲ್ಲಿ ಇಟ್ಟು ನೋಡಿ. "ಕೇಸು ಹಾಕಿದ್ರೆ ಹಾಕ್ಲಿ." ಕೇಳಲು ಚೆನ್ನಾಗಿದೆ. ಯಾವ ಬಾಯಿಂದ ಬಂದರೂ ಚೆನ್ನಾಗಿಯೇ ಕೇಳುತ್ತದೆ, ಅದೇ ಕಷ್ಟ.

ತುಂಗೆಯ ನೀರು
ಚಂದ್ರಗುತ್ತಿಗೂ ಇದಕ್ಕೂ ಏನಕ್ಕ ಸಂಬಂಧ? ಇವರು ಕಾಯಿ ಒಡೆಯಲು ಹೋಗುತ್ತಿದ್ದಾರೆ.

ಸೊರಬದ ಹುಡುಗಿ
ಸಂಬಂಧ ಇದೆ ಅಣ್ಣ. "ದೇವರು ದೊಡ್ಡವನು, ಕಾನೂನು ಚಿಕ್ಕದು" ಅಂದುಬಿಟ್ಟರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಅದಕ್ಕೆ ಪ್ರಶ್ನೆ ಬದಲಾಯಿಸಬೇಕು. ಆ ಕಾನೂನು ಯಾರನ್ನು ಕಾಯುತ್ತಿದೆ? ಮುರಿದರೆ ಪೆಟ್ಟು ಯಾರಿಗೆ? ಚಂದ್ರಗುತ್ತಿಯಲ್ಲಿ ಪೆಟ್ಟು ಬೀಳುತ್ತಿದ್ದದ್ದು ಬಾಯಿಲ್ಲದ ಹೆಂಗಸರಿಗೆ. ಚೌಡಿ ಬನದಲ್ಲಿ ಯಾರಿಗೆ ಅಂತ ಇವರು ಹೇಳಲಿ.

ಗುಮ್ಮಟೆ
ಬೆತ್ತಲೆ ಅಂದರೆ ಅಷ್ಟು ಕೆಟ್ಟದ್ದಾ? ನಮ್ಮ ಉಡುತಡಿಯ ಅಕ್ಕಮಹಾದೇವಿಯೂ ಬಟ್ಟೆ ಬಿಟ್ಟವಳೇ.

ಸೊರಬದ ಹುಡುಗಿ
ಅಕ್ಕ ಕೌಶಿಕನ ಅರಮನೆಯನ್ನು ಒದ್ದು ಹೋಗುವಾಗ ತಾನಾಗಿ ಬಿಟ್ಟಳು. ಯಾರೂ ಹರಕೆ ಕಟ್ಟಿ ಬಿಚ್ಚಿಸಲಿಲ್ಲ.

ನಿವೃತ್ತ ಮೇಷ್ಟ್ರು
ಈ ಉತ್ತರಕ್ಕೆ ನನ್ನ ಕಡೆಯಿಂದ ಹತ್ತಕ್ಕೆ ಹತ್ತು.

ಲಾ ಪಾಯಿಂಟ್
ಕೋರ್ಟು ಕೆಲಸ ಮಾಡುವವನು, ಎರಡು ಮಾತು.

ಮೊದಲು ನೋಟಿಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಸೆಕ್ಷನ್ 27. ಅಭಯಾರಣ್ಯದೊಳಗೆ ಯಾರು ಹೋಗಬಹುದು ಅಂತ ಅದರಲ್ಲಿದೆ. ಒಳಗೆ ಸ್ಥಿರಾಸ್ತಿಯ ಮೇಲೆ ಹಕ್ಕಿರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಪರ್ಮಿಟ್ ಇರುವವರು, ಹೀಗೆ. ಸೆಕ್ಷನ್ 28ರಲ್ಲಿ ಪರ್ಮಿಟ್ ಯಾತಕ್ಕೆ ಕೊಡಬಹುದು ಅಂತಿದೆ. ಅಧ್ಯಯನ, ಫೋಟೋ, ಪ್ರವಾಸ ಎಲ್ಲ ಇದೆ. ಪೂಜೆ ಅಂತ ಬರೆದಿಲ್ಲ. ಅಂದರೆ ಕ್ಯಾಮೆರಾ ಹಿಡಿದು ಬಂದವನಿಗೆ ದಾರಿ ಇದೆ, ಕಾಯಿ ಹಿಡಿದು ಬಂದವನ ವಿಷಯ ಸುದ್ದಿಯೇ ಇಲ್ಲ. ಮುರಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ಸಂವಿಧಾನದ 25ನೇ ವಿಧಿ ಹಿಡಿದುಕೊಂಡು ಬರುವವರಿಗೆ. ಧರ್ಮ ಸ್ವಾತಂತ್ರ್ಯ ಇದೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಸಮಾಜ ಸುಧಾರಣೆಗೆ ಸರ್ಕಾರ ಕಾನೂನು ಮಾಡಬಹುದು ಅಂತಲೂ ಅಲ್ಲೇ ಇದೆ. ಚಂದ್ರಗುತ್ತಿ ಅಲ್ಲಿಗೆ ಬರುತ್ತದೆ.

ಈಗ ಮುಖ್ಯ ಮಾತು. ಮುರಿಯುವ ಮುಂಚೆ 2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಅರಣ್ಯವಾಸಿಗಳು ವಾಡಿಕೆಯಿಂದ ಅನುಭವಿಸಿಕೊಂಡು ಬಂದ ಸಾಂಪ್ರದಾಯಿಕ ಹಕ್ಕುಗಳನ್ನು ಅದು ಒಪ್ಪುತ್ತದೆ. ಬೇಟೆ ಒಂದನ್ನು ಬಿಟ್ಟು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಡೋಂಗ್ರಿಯಾ ಕೋಂದ್ ಜನ ನಿಯಮರಾಜ ಅಂತ ದೇವರನ್ನು ನಂಬುತ್ತಾರೆ. ಅದೇ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಆಗಬೇಕಿತ್ತು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಅಲ್ಲಿನ ಜನರ ಧಾರ್ಮಿಕ ಹಕ್ಕಿನ ವಿಷಯ ಗ್ರಾಮಸಭೆಗಳ ಮುಂದೆ ಇಡಿ ಅಂದಿತು. ಹನ್ನೆರಡು ಗ್ರಾಮಸಭೆ ನಡೆದವು. ಹನ್ನೆರಡೂ ಬೇಡ ಅಂದವು. ಗಣಿ ನಿಂತಿತು.

ಅಡಿಕೆಕೊನೆ
ಅಂದರೆ ಕಾನೂನು ಮುರಿಯೋ ಮುಂಚೆ ಕಾನೂನು ಓದಬೇಕು ಅಂತೀರಿ.

ಲಾ ಪಾಯಿಂಟ್
ಓದಿದರೆ ನಮಗೂ ನಾಲ್ಕು ಕಾಸು ಕಮ್ಮಿ ಆಗುತ್ತದೆ. ಆದರೂ ಹೇಳುತ್ತಿದ್ದೇನೆ ನೋಡಿ.

ಮುಳುಗಡೆ ಮನೆ
ಈ ಅರಣ್ಯ ಹಕ್ಕು ಕಾಯ್ದೆ ಬಗ್ಗೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಬುಡಕಟ್ಟಿನವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ಇದ್ದಿರಬೇಕು. 1930ರಿಂದ ಅಂತಾಯಿತು. ನಾವು ಎಲ್ಲಿಂದ ತರುವುದು? ನಮ್ಮ ಊರು ಲಿಂಗನಮಕ್ಕಿ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಲಾರಿಯಲ್ಲಿ ತಂದು ಕಾಡಲ್ಲಿ ಇಳಿಸಿದರು. ನಮ್ಮ ಅಜ್ಜ ಒಂದು ಮಾತೂ ಎದುರಾಡಲಿಲ್ಲವಂತೆ. ವಿಧಾನಸೌಧದ ಮೇಲೆ ಬರೆದಿದ್ದಾರಲ್ಲ, ಸರ್ಕಾರದ ಕೆಲಸ ದೇವರ ಕೆಲಸ ಅಂತ. ಅಜ್ಜ ಅದನ್ನು ನಿಜ ಅಂತಲೇ ತಿಳಿದಿದ್ದರು. ನಾಡಿಗೆ ಕರೆಂಟು ಬರುತ್ತದೆ, ದೇವರ ಕೆಲಸ, ಏಳಬೇಕು ಅಂತ ಎದ್ದು ಬಂದರು.

ಬರುವಾಗ ಮನೆ ದೇವರ ಕಲ್ಲನ್ನು ಗೋಣಿಯಲ್ಲಿ ಸುತ್ತಿ ತಂದರು. ಭೂತನ ಕಟ್ಟೆ ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಕಟ್ಟೆಯ ಕಲ್ಲು ಕಾಣುತ್ತದೆ. ಅಪ್ಪ ದೋಣಿಯಲ್ಲಿ ಹೋಗಿ ಹೂವಿಟ್ಟು ಬರುತ್ತಿದ್ದರು. ಕಾನೂನು ಪಾಲಿಸಿದ್ದಕ್ಕೆ ನಮಗೆ ಸಿಕ್ಕಿದ್ದು ಏನು? ಇವತ್ತಿಗೂ ಆ ಮನೆಗೆ ಹಕ್ಕುಪತ್ರ ಇಲ್ಲ. ಕಾಗದದ ಪ್ರಕಾರ ನಾವು ಒತ್ತುವರಿದಾರರು. ಹೇಳಿ, ಕಾನೂನಿಗೆ ತಲೆಬಾಗಬೇಕು ಅನ್ನುವವರು, ಯಾವ ಕಾನೂನಿಗೆ? ಇಳಿಸಿದ ಕಾನೂನಿಗಾ, ಈಗ ಎಬ್ಬಿಸುವ ಕಾನೂನಿಗಾ?

ಬೆಂಗ್ಳೂರ್ ಮಲ್ನಾಡಿಗ
ನಿಮ್ಮ ವಿಷಯ ನಿಜಕ್ಕೂ ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಜಮೀನಿನ ಪ್ರಶ್ನೆ, ದೇವರ ಪ್ರಶ್ನೆ ಅಲ್ಲ.

ಮುಳುಗಡೆ ಮನೆ
ಜಮೀನು ಬೇರೆ ದೇವರು ಬೇರೆ ಅನ್ನುವುದು ಪಟ್ಟಣದ ಲೆಕ್ಕ.

ಗೇಣಿ ಕೊಳಗ
ಜಮೀನಿನ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ, ನಮ್ಮ ಸಾಗರದ ಕಾಗೋಡು ಸತ್ಯಾಗ್ರಹ. 1951ರಲ್ಲಿ ಸಮಾಜವಾದಿ ನಾಯಕ ಲೋಹಿಯಾ ಮುಂದೆ ನಿಂತು ನಡೆಸಿದ್ದು. ಗೇಣಿ ಅಳೆಯುವ ಕೊಳಗ ದೊಡ್ಡದು ಅಂತ ಶುರುವಾದ ಜಗಳ. ಕಾನೂನು ಪೂರ್ತಿ ಒಡೆಯರ ಕಡೆ ಇತ್ತು. ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿಯುವುದು, ಮಾರನೇ ದಿನ ಇನ್ನೊಂದು ತಂಡ ಇಳಿಯುವುದು.

ನಿವೃತ್ತ ಮೇಷ್ಟ್ರು
ಸ್ವಲ್ಪ ತಿದ್ದುಪಡಿ. ಮುಂದೆ ನಿಂತವರು ಎಚ್. ಗಣಪತಿಯಪ್ಪ. ಲೋಹಿಯಾ ಆಮೇಲೆ, ಜೂನಿನಲ್ಲಿ ಬಂದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರೂ ಇದ್ದರು. ದಿಲ್ಲಿಯವರ ಹೆಸರು ಮೊದಲು ಹೇಳುವ ಅಭ್ಯಾಸ ನಮಗೆ ಹೋಗಲ್ಲ.

ಗೇಣಿ ಕೊಳಗ
ಸರಿ ಮೇಷ್ಟ್ರೇ. ನಾನು ಹೇಳಬೇಕೆಂದಿದ್ದು, ಅದರ ಫಲ ಸಿಕ್ಕಿದ್ದು 1974ರಲ್ಲಿ, ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ. ಇಪ್ಪತ್ತಮೂರು ವರ್ಷ. ಜೈಲಿಗೆ ಹೋದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಕಾನೂನು ಮುರಿದ ತಕ್ಷಣ ಕಾನೂನು ಬದಲಾಗುತ್ತದೆ ಅಂತ ಯಾರೂ ತಿಳಿಯಬೇಡಿ.

ಚರ್ಚ್ ಗಂಟೆ
ನಾನು ಕ್ರೈಸ್ತ, ಶಿವಮೊಗ್ಗ. ನಮ್ಮಲ್ಲೂ ಇದೇ ಜಗಳ ಎರಡು ಸಾವಿರ ವರ್ಷದಿಂದ ಇದೆ. ಪೌಲ ರೋಮಿನವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಅಧಿಕಾರಿಗಳಿಗೆ ವಿಧೇಯರಾಗಿರಿ, ಅಧಿಕಾರ ದೇವರಿಂದ ಬಂದದ್ದು ಅಂತಿದೆ. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅನ್ನುತ್ತಾನೆ. ಎರಡೂ ಒಂದೇ ಬೈಬಲ್. ಅಧಿಕಾರಕ್ಕೆ ತಲೆಬಾಗಿ ಅಂದ ಪೌಲನೇ ಎಷ್ಟು ಸಲ ಜೈಲಿಗೆ ಹೋದ ಅಂತ ನೋಡಿದರೆ ನಗು ಬರುತ್ತದೆ.

ಹಿಟ್ಲರ್ ಕಾಲದಲ್ಲಿ ಜರ್ಮನಿಯ ಚರ್ಚುಗಳನ್ನು ಸುಮ್ಮನಿರಿಸಲು ಅದೇ 13ನೇ ಅಧ್ಯಾಯ ಬಳಸಿದರು. ಒಪ್ಪದೆ ಎದ್ದವರಲ್ಲಿ ಬಾನ್‌ಹಾಫರ್ ಅನ್ನುವ ಪಾದ್ರಿ ಒಬ್ಬರು. 1945ರ ಏಪ್ರಿಲ್ 9ರಂದು ಗಲ್ಲಿಗೆ ಹಾಕಿದರು. ಒಂದು ತಿಂಗಳಲ್ಲಿ ಯುದ್ಧವೇ ಮುಗಿಯಿತು.

ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಪತ್ರ ಬರೆದರಲ್ಲ, ಅದು ಯಾರಿಗೆ ಗೊತ್ತಾ? ಪೊಲೀಸರಿಗಲ್ಲ. ಎಂಟು ಜನ ಬಿಳಿಯ ಧರ್ಮಗುರುಗಳಿಗೆ. ಅವರು ಪೇಪರಿನಲ್ಲಿ, ಬೀದಿಗಿಳಿಯಬೇಡಿ, ಕೋರ್ಟಿಗೆ ಹೋಗಿ, ಕಾಯಿರಿ ಅಂತ ಬುದ್ಧಿ ಹೇಳಿದ್ದರು. ನಮ್ಮಂಥವರಿಗೆ ಅದು ನಾಚಿಕೆ ಬರಿಸುವ ವಿಷಯ. ಎದುರು ನಿಂತವನೂ ಪಾದ್ರಿ, ಸುಮ್ಮನಿರಿ ಅಂದವರೂ ಧರ್ಮದವರೇ. ಕೊಪ್ಪೆಯವರು ಮೇಲೆ ಹೇಳಿದ್ದನ್ನೇ ಕಿಂಗ್ ಕೂಡ ಹೇಳಿದರು. ಮುರಿಯುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮುರಿಯಬೇಕು ಅಂತ.

ಉಕ್ಕಿನ ಊರು
ನಮ್ಮಲ್ಲೂ ಹಾಗೇ. ಸೃಷ್ಟಿಕರ್ತನ ಮಾತು ಮೀರುವ ವಿಷಯದಲ್ಲಿ ಯಾವ ಮನುಷ್ಯನಿಗೂ ವಿಧೇಯತೆ ಇಲ್ಲ ಅಂತ ಹದೀಸ್ ಇದೆ. ಮೊಹರಂ ಯಾತಕ್ಕೆ? 680ರಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಖಲೀಫ ಯಜೀದನಿಗೆ ನಿಷ್ಠೆಯ ಕೈ ಕೊಡಲ್ಲ ಅಂದರು. ಕರ್ಬಲಾದಲ್ಲಿ ಪ್ರಾಣ ಕೊಟ್ಟರು. ಯಜೀದನ ಕೈಯಲ್ಲೂ ಧರ್ಮದ ಹೆಸರೇ ಇತ್ತು ಅನ್ನುವುದನ್ನು ಮರೆಯಬಾರದು. ಆದರೆ ಅದೇ ಹದೀಸನ್ನು ಟ್ರಾಫಿಕ್ ಪೊಲೀಸರಿಗೆ ಹೇಳುವ ಹುಡುಗರೂ ಇದ್ದಾರೆ. ಹೆಲ್ಮೆಟ್ ಹಾಕದಿರುವುದಕ್ಕೂ ಅಲ್ಲಾಹನೇ ಬೇಕು ಅವರಿಗೆ.

ಅಡಿಕೆಕೊನೆ
ಆ ಹುಡುಗರು ಎಲ್ಲ ಧರ್ಮದಲ್ಲೂ ಇದ್ದಾರೆ ಭಾಯ್. ನಮ್ಮವರು ಅಯ್ಯಪ್ಪ ಮಾಲೆ ಹಾಕಿಕೊಂಡರೆ ಟೋಲ್ ಕೊಡಲ್ಲ.

ಗುಮ್ಮಟೆ
ಶಬರಿಮಲೆ ವಿಷಯ ಎತ್ತಿದಿರಿ, 2018ರಲ್ಲಿ...

ನಿರ್ವಾಹಕ
ಶಬರಿಮಲೆ ಬೇಡ. ಹೋದ ಸಲದ ಚರ್ಚೆಗೆ ಬೀಗ ಹಾಕಬೇಕಾಯಿತು. ಬನಕ್ಕೆ ಬನ್ನಿ.

ರಂಗಸ್ಥಳ
ಇಷ್ಟು ಹೊತ್ತಾದರೂ ಭೀಷ್ಮ ಬರಲಿಲ್ಲ ಅಂದರೆ ನಾವು ಮಲೆನಾಡಿನವರೇ ಅಲ್ಲ. ತಾಳಮದ್ದಲೆಯಲ್ಲಿ ಭೀಷ್ಮನ ಅರ್ಥ ಹೇಳುವವರು ಇದೇ ಪ್ರಶ್ನೆಯನ್ನು ರಾತ್ರಿಯಿಡೀ ಎಳೆಯುತ್ತಾರೆ. ಹಸ್ತಿನಾವತಿಯ ಸಿಂಹಾಸನಕ್ಕೆ ಬದ್ಧ ಅಂತ ಸಭೆಯಲ್ಲಿ ಕೂತ. ದ್ರೌಪದಿ ಕೇಳಿದ್ದು ಕಾನೂನಿನ ಪ್ರಶ್ನೆಯೇ. ಸೋತವನಿಗೆ ನನ್ನನ್ನು ಒತ್ತೆ ಇಡುವ ಹಕ್ಕು ಇದೆಯಾ? ಇವನು ಧರ್ಮ ಸೂಕ್ಷ್ಮ ಅಂದ. ವಿಕರ್ಣ, ಪುಟ್ಟ ಹುಡುಗ, ಅದೂ ಕೌರವರ ಕಡೆಯವನು, ಎದ್ದು ತಪ್ಪು ಅಂದ. ವಿದುರ ಅಂದ. ಪ್ರತಿಜ್ಞೆ ದೊಡ್ಡದು ಅಂತ ಕೂತವನಿಗೆ ಶರಶಯ್ಯೆ.

ಕೊಪ್ಪೆ
ವಿಕರ್ಣ ಅಂದ, ಆಮೇಲೆ ಯುದ್ಧದಲ್ಲಿ ಅಣ್ಣನ ಕಡೆಯೇ ನಿಂತ. ಅದನ್ನೂ ಹೇಳಿ.

ರಂಗಸ್ಥಳ
ಅದಕ್ಕೆ ಇನ್ನೊಂದು ರಾತ್ರಿ ಬೇಕು ಮಾರಾಯರೇ.

ನಿವೃತ್ತ ಮೇಷ್ಟ್ರು
ಪುರಾಣ ಯಾಕೆ, ಇತಿಹಾಸದಲ್ಲೇ ಇದೆ. ಶಿವಾಜಿ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಜಿಂಜಿ ಕಡೆ ಓಡುವಾಗ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಬರುತ್ತದೆ ಅಂತ ಗೊತ್ತಿದ್ದೇ ಕೊಟ್ಟಳು. ಶರಣು ಬಂದವರನ್ನು ಕಾಯುವುದು ಅವಳ ಧರ್ಮ. ಚಕ್ರವರ್ತಿಯ ಹುಕುಂ ಅವಳಿಗೆ ಎರಡನೆಯದು. ಆದರೆ ಗಮನಿಸಿ, ಅವಳು ಕಾದದ್ದು ಇನ್ನೊಬ್ಬನನ್ನು. ತನ್ನ ಪೂಜೆಯನ್ನಲ್ಲ.

ಸೊರಬದ ಹುಡುಗಿ
ಮೇಷ್ಟ್ರೇ ನಿಮಗೂ ಹತ್ತಕ್ಕೆ ಹತ್ತು.

ಹಾಳೆಟೋಪಿಯವರೇ, ಒಂದು ಕೇಳುವುದಿತ್ತು. ಹಣ್ಣುಕಾಯಿ ಮಾತ್ರಾನಾ? ಕೋಳಿನೂ ಇದೆಯಾ?

ಹಾಳೆಟೋಪಿ
ಹಣ್ಣುಕಾಯಿ ಮುಖ್ಯ. ಹರಕೆ ಇದ್ದ ಮನೆಯವರು ಅವರವರ ಪದ್ಧತಿ ಪ್ರಕಾರ ಮಾಡುತ್ತಾರೆ.

ಅಡಿಕೆಕೊನೆ
ಅಂದರೆ ಇದೆ.

ಕೊಪ್ಪೆ
ಅಲ್ಲೇ ಊಟ ಮಾಡಿ ಬರುತ್ತೇವೆ ಅಂದಾಗಲೇ ನನಗೆ ಅನುಮಾನ ಬಂತು. ಕೋಸಂಬರಿ ತಿನ್ನಲು ಯಾರು ಇಂಬಳ ಕಚ್ಚಿಸಿಕೊಂಡು ಕಾಡಿಗೆ ಹೋಗುತ್ತಾರೆ?

ತುಂಗೆಯ ನೀರು
ಜೊತೆಗೆ ಕಡುಬಾ, ಅಕ್ಕಿ ರೊಟ್ಟಿನಾ?

ಲಾ ಪಾಯಿಂಟ್
ನಗಬೇಡಿ. ಕರ್ನಾಟಕ ಪ್ರಾಣಿಬಲಿ ನಿಷೇಧ ಕಾಯ್ದೆ 1959ರದ್ದು. ಕೋಳಿಯೂ ಅದರಲ್ಲಿ ಬರುತ್ತದೆ. ನೀವು ಒಂದು ಕಾನೂನು ಮುರಿಯುವುದಾ ಅಂತ ಕೇಳುತ್ತಿದ್ದೀರಿ. ಇನ್ನೊಂದನ್ನು ಕೇಳದೆಯೇ ವರ್ಷವರ್ಷ ಮುರ್ಕೊಂಡು ಬಂದಿದ್ದೀರಿ.

ಮುಳುಗಡೆ ಮನೆ
ಅದೊಂದು ಕಾನೂನು ಯಾರ ಮನೆ ಅಡುಗೆ ನೋಡಿಕೊಂಡು ಮಾಡಿದ್ದು ಅಂತ ಕೇಳಬೇಕಾಗುತ್ತದೆ. ಪೇಟೆಯಲ್ಲಿ ಅಂಗಡಿಯಲ್ಲಿ ಕಡಿದರೆ ವ್ಯಾಪಾರ. ದೇವರ ಮುಂದೆ ಕಡಿದು ಊರಿಗೆಲ್ಲ ಹಂಚಿ ತಿಂದರೆ ಅಪರಾಧ. ಹೋಮಕ್ಕೆ ಡಬ್ಬಿಗಟ್ಟಲೆ ತುಪ್ಪ ಸುರಿದರೆ ಯಾವ ಕಾಯ್ದೆಯೂ ಇಲ್ಲ.

ಬೆಂಗ್ಳೂರ್ ಮಲ್ನಾಡಿಗ
ಕೋಳಿಗೂ ಒಂದು ಜೀವ ಇದೆ ಅಲ್ವಾ? ಸೊರಬದ ಹುಡುಗಿಯವರ ಅಳತೆಗೋಲಿನಲ್ಲೇ ನೋಡಿ. ಪೆಟ್ಟು ಯಾರಿಗೆ? ಕೋಳಿಗೆ.

ಸೊರಬದ ಹುಡುಗಿ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಕೋಳಿ ತಿನ್ನುತ್ತೇನೆ.

ಚರ್ಚ್ ಗಂಟೆ
ಲಾ ಪಾಯಿಂಟ್ ಸಾರ್, ಒಂದು ಸಂದೇಹ. ನಂಬಿಕೆಗಾಗಿ ಒಪ್ಪಲ್ಲ ಅಂದವರನ್ನು ನಮ್ಮ ಕೋರ್ಟ್ ಯಾವತ್ತಾದರೂ ಕೈ ಹಿಡಿದಿದೆಯಾ? ಕೇರಳದ ಮಕ್ಕಳ ಕೇಸು ಒಂದಿತ್ತಲ್ಲ.

ಲಾ ಪಾಯಿಂಟ್
ಬಿಜೋ ಇಮ್ಯಾನುಯೆಲ್ ಕೇಸು. ಯೆಹೋವನ ಸಾಕ್ಷಿಗಳ ಪಂಗಡದ ಮೂರು ಮಕ್ಕಳು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆಗೆ ಅದು ಒಪ್ಪಿಗೆಯಿಲ್ಲ. ಶಾಲೆಯಿಂದ ತೆಗೆದರು. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಹಾಡಲೇಬೇಕು ಅಂತ ಯಾವ ಕಾನೂನೂ ಇಲ್ಲ, ಗೌರವದಿಂದ ನಿಂತಿದ್ದಾರೆ, ಸಾಕು ಅಂತ.

ಸೊರಬದ ಹುಡುಗಿ
ಚಂದ್ರಗುತ್ತಿಯೂ 1986. ಮಾರ್ಚಿನಲ್ಲಿ ಅದು, ಆಗಸ್ಟಿನಲ್ಲಿ ಇದು. ಎರಡೂ ನಂಬಿಕೆಯೇ. ಒಂದು ಕಡೆ ಮೂರು ಮಕ್ಕಳು ಯಾರಿಗೂ ಏನೂ ಮಾಡದೆ ಬಾಯಿ ಮುಚ್ಚಿ ನಿಂತಿದ್ದರು. ಇನ್ನೊಂದು ಕಡೆ ಸಾವಿರಾರು ಜನ.

ಹಾಳೆಟೋಪಿ
ಎಲ್ಲರ ಉತ್ತರ ಓದಿದೆ. ರಾತ್ರಿ ದೊಡ್ಡಪ್ಪನಿಗೂ ಒಂದಿಷ್ಟು ಓದಿ ಹೇಳಿದೆ. ಈಸೂರು ಕೇಳಿ ಖುಷಿಯಾದರು. ಚಂದ್ರಗುತ್ತಿ ಕೇಳಿ "ಅದು ಬೇರೆ" ಅಂದರು. ಯಾಕೆ ಬೇರೆ ಅಂದಿದ್ದಕ್ಕೆ ಎಲೆ ಅಡಿಕೆ ಹಾಕಿಕೊಂಡರು.

ಗಾಂಧೀಜಿ ದೊಡ್ಡ ಶಿಕ್ಷೆ ಕೇಳಿದ ವಿಷಯ ಮಾತ್ರ ನಾಟಿತು ಅನ್ನಿಸುತ್ತದೆ. ಬೆಳಗ್ಗೆ ನನ್ನನ್ನು ಕರೆದು, "ಕೇಸು ಆದರೆ ನನ್ನ ಹೆಸರಿಗೆ ಆಗಲಿ. ನಾನು, ಇನ್ನಿಬ್ಬರು ಮುದುಕರು ಸಾಕು. ಹುಡುಗ್ರು ಬರೋದು ಬೇಡ, ಬರಲಿಲ್ಲ ಅಂತ ಯಾರೂ ಅವರನ್ನ ಏನೂ ಅನ್ನಬಾರ್ದು. ಇಂಥ ದಿನ ಬರ್ತೀವಿ ಅಂತ ಇಲಾಖೆಗೆ ಮೊದಲೇ ಕಾಗದ ಬರೆದುಕೊಡು" ಅಂದರು. ಕೋಳಿ ವಿಷಯ ನಾನು ಎತ್ತಿಲ್ಲ.

ಕೊಪ್ಪೆ
ದೊಡ್ಡಪ್ಪನವರಿಗೆ ನಮಸ್ಕಾರ. ಇದು ಬೇರೆ ತರದ ಮಾತು. ಮೊದಲಿನ "ಕೇಸು ಹಾಕ್ಲಿ"ಯಲ್ಲಿ ಕೇಸು ಯಾರ ಮೇಲೆ ಬೀಳುತ್ತದೆ ಅಂತ ಇರಲಿಲ್ಲ.

ಬೆಂಗ್ಳೂರ್ ಮಲ್ನಾಡಿಗ
ನನಗೆ ಈಗಲೂ ಒಪ್ಪಿಗೆ ಇಲ್ಲ. ಮೂವರು ಮುದುಕರು ಹೋದರೂ ಕಾನೂನು ಮುರಿದಂತೆಯೇ. ಆದರೆ ಇಲಾಖೆಗೆ ಮೊದಲೇ ತಿಳಿಸಿ ಹೋಗುವವರ ಜೊತೆ ಮಾತಾಡಬಹುದು. ಕದ್ದು ಹೋಗುವವರ ಜೊತೆ ಆಗಲ್ಲ.

ಮುಳುಗಡೆ ಮನೆ
ಮಾತಾಡಬಹುದು ಅಂತ ಅಜ್ಜನೂ ಕಾದಿದ್ದರು.

ಲಾ ಪಾಯಿಂಟ್
ಕಾಗದ ಬರೆಯುವುದಾದರೆ "ಬಂದೇ ಬರ್ತೀವಿ" ಅಂತ ಶುರು ಮಾಡಬೇಡಿ. ಮೊದಲು ನೋಟಿಸಿಗೆ ಉತ್ತರ ಕೊಡಿ. ಬನ ಎಷ್ಟು ಹಳೆಯದು, ದಾರಿ ಯಾವುದು, ವರ್ಷಕ್ಕೆ ಎಷ್ಟು ಹೊತ್ತು, ಎಷ್ಟು ಜನ ಅಂತ ಬರೆಯಿರಿ. ಮರಕ್ಕೆ ಕೈ ಹಚ್ಚಲ್ಲ, ಬೆಂಕಿ ಹಾಕಲ್ಲ, ಪ್ಲಾಸ್ಟಿಕ್ ಒಯ್ಯಲ್ಲ ಅಂತಲೂ ಬರೆಯಿರಿ. ಜೊತೆಗೆ ಪಂಚಾಯ್ತಿಗೆ ಹೋಗಿ, ಅರಣ್ಯ ಹಕ್ಕಿಗಾಗಿ ಗ್ರಾಮಸಭೆ ಕರೆಯಿರಿ ಅಂತ ಅರ್ಜಿ ಕೊಡಿ. ಸಮುದಾಯದ ಹಕ್ಕಿಗೆ ಬಿ ಫಾರಂ. ಅರಣ್ಯ ಹಕ್ಕು ಸಮಿತಿ ಬಂದು ಜಾಗ ನೋಡಬೇಕು. ಅಲ್ಲಿಂದ ಉಪವಿಭಾಗ, ಆಮೇಲೆ ಜಿಲ್ಲಾ ಸಮಿತಿ.

75 ವರ್ಷದ ತೊಡಕು ನಿಮಗೂ ಬರುತ್ತದೆ. ಆದರೆ ಹಳೇ ಬಾವಿ, ಸ್ಮಶಾನ, ಪೂಜೆಯ ಜಾಗ ಇವೆಲ್ಲ ಸಾಕ್ಷ್ಯ ಅಂತ ನಿಯಮದಲ್ಲೇ ಇದೆ. ಬನವೇ ಒಂದು ಸಾಕ್ಷಿ. ಹಿರಿಯರ ಹೇಳಿಕೆಯನ್ನೂ ಬರೆಸಬಹುದು. ಹಕ್ಕು ಕೇಳುವವರದ್ದೇ ಹೇಳಿಕೆ ನಡೆಯಲ್ಲ. ಹಾಗಾಗಿ ದೊಡ್ಡಪ್ಪನದ್ದು ಬೇಡ, ಪಕ್ಕದ ಊರಿನ ವಯಸ್ಸಾದವರನ್ನು ಹುಡುಕಿ.

ಹಾಳೆಟೋಪಿ
ಪಕ್ಕದ ಊರಿನವರಿಗೂ ನಮಗೂ ಗಡಿ ತಕರಾರು ಇದೆ ಸಾರ್.

ಲಾ ಪಾಯಿಂಟ್
ತಕರಾರು ಇದ್ದವರು ನಿಮ್ಮ ಪರ ಹೇಳಿದರೆ ಇನ್ನೂ ಒಳ್ಳೆಯದು. ಹೋಗಿ ಕೇಳಿ.

ಗೇಣಿ ಕೊಳಗ
ಗ್ರಾಮಸಭೆಗೆ ಎಷ್ಟು ಜನ ಬೇಕು?

ಲಾ ಪಾಯಿಂಟ್
ಅರ್ಧದಷ್ಟು ಜನ ಇರಬೇಕು. ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು.

ಅಡಿಕೆಕೊನೆ
ಹಾಗಾದರೆ ಕೊನೆ ಕೊಯ್ಲು ಶುರುವಾಗುವ ಮುಂಚೆ ಮುಗಿಸಿಕೊಳ್ಳಿ. ಆಮೇಲೆ ಹೆಂಗಸರೆಲ್ಲ ಅಡಿಕೆ ಸುಲಿಯಲು ಕೂತರೆ ಕೋರಂಗೆ ನೀವೇ ಸೀರೆ ಉಡಬೇಕಾಗುತ್ತದೆ.

ಸೊರಬದ ಹುಡುಗಿ
ಹೆಂಗಸರು ಬರಬೇಕಾದರೆ ಸಂಜೆ ಇಡಿ, ಬೆಳಗ್ಗೆ ಹತ್ತಕ್ಕೆ ಅಲ್ಲ. ಮತ್ತೆ ಸಭೆಯಲ್ಲಿ ಅವರಿಗೂ ಮಾತಾಡಲು ಬಿಡಿ. ಬನಕ್ಕೆ ಯಾರು ಹೋಗಬಹುದು, ಯಾವ ದಿನಗಳಲ್ಲಿ ಹೋಗಬಾರದು ಅಂತ ಅವರಿಗೂ ಒಂದಿಷ್ಟು ಹೇಳುವುದಿರಬಹುದು.

ತುಂಗೆಯ ನೀರು
ಅಯ್ಯೋ, ಇದಕ್ಕೆ ಬೇರೆ ಚರ್ಚೆಯೇ ಬೇಕು. ಶುರು ಮಾಡಿ ಅಕ್ಕ, ನಾನು ಬೈಯಿಸಿಕೊಳ್ಳಲು ಬರುತ್ತೇನೆ.